ತೋಟಾ ಮತ್ತು ಚೇಂಬರು: ರೈಫಲಿನ ವಿನ್ಯಾಸದಲ್ಲಿ ಹೊಂದಾಣಿಕೆಯ ಪ್ರಶ್ನೆ

ಭಾರತದ ಪೊಲೀಸ್ ಠಾಣೆಗಳಲ್ಲಿಯೂ ಕವಾಯತಿನ ಮೈದಾನಗಳಲ್ಲಿಯೂ ಹಲವು ತಲೆಮಾರುಗಳ ಕಾಲ ಬಳಕೆಯಲ್ಲಿದ್ದ ‘ತ್ರೀ ನಾಟ್ ತ್ರೀ’ ರೈಫಲಿನ ಹೆಸರು ಒಂದು ಅಳತೆಯನ್ನು ಸೂಚಿಸುತ್ತದೆ ಎಂಬುದು ಸರ್ವವಿದಿತ. ಆ ಅಳತೆ ಯಾವುದರದು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಅಷ್ಟು ಸುಲಭವಾಗಿಲ್ಲ. ಆ ರೈಫಲು ಹಾರಿಸುವ ಗುಂಡಿನ ವ್ಯಾಸ ಸುಮಾರು 0.311 ಅಂಗುಲ. ನಳಿಗೆಯೊಳಗೆ ಸುರುಳಿಗೆರೆಗಳನ್ನು ಕೊರೆಯುವುದಕ್ಕೆ ಮುನ್ನ ಇರುವ ರಂಧ್ರದ ವ್ಯಾಸವೇ 0.303 ಅಂಗುಲ. 7.62 ಮಿಲಿಮೀಟರಿನ ರೈಫಲಿನ ಸಂಗತಿಯೂ ಇದೇ ಬಗೆಯದು, 7.62 ಎಂಬುದು ರಂಧ್ರದ ಅಳತೆ, ಅದರ ಗುಂಡಿನ ವ್ಯಾಸ 7.8 ಮಿಲಿಮೀಟರಿಗಿಂತ ಕೊಂಚ ಹೆಚ್ಚು. ಹೀಗೆ ಆಯುಧದ ಮೇಲೆ ಕೆತ್ತಿರುವ ಅಂಕಿಯು ಗುಂಡಿನ ನಿಜವಾದ ಗಾತ್ರವನ್ನೇ ಹೇಳುವುದಿಲ್ಲ. ತೋಟಾದ ಉದ್ದವೆಷ್ಟು, ಅದರ ಹೆಗಲು ಎಲ್ಲಿ ಇಳಿಯುತ್ತದೆ, ತಳದ ಅಂಚು ಎಷ್ಟು ದಪ್ಪ, ಒಳಗಿನ ಮದ್ದು ಹುಟ್ಟಿಸುವ ಒತ್ತಡವೆಷ್ಟು ಎಂಬ ವಿಷಯಗಳಲ್ಲಂತೂ ಆ ಅಂಕಿ ಮೌನವಾಗಿಯೇ ಇರುತ್ತದೆ. ಒಂದು ತೋಟಾ ಒಂದು ರೈಫಲಿಗೆ ಸಲ್ಲುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಈ ಸಂಗತಿಗಳೇ ಹೊರತು ಹೆಸರಲ್ಲ.

ನಳಿಗೆಯ ಹಿಂತುದಿಯಲ್ಲಿ, ತೋಟಾ ಬಂದು ಕೂರುವಂತೆ ಕೊರೆದು ನಯಗೊಳಿಸಿದ ಗೂಡಿಗೆ ಚೇಂಬರು ಎಂದು ಹೆಸರು. ಹೊರಗಿನಿಂದ ಕಾಣದ, ಒಂದು ಬೆರಳುದ್ದವೂ ಇಲ್ಲದ ಈ ಭಾಗವು ಆಯುಧಗಳ ಇತಿಹಾಸವನ್ನು ಬರೆದವರ ಗಮನವನ್ನು ಸೆಳೆದುದು ಕಡಿಮೆ. ಒರೆಯು ಕತ್ತಿಯನ್ನು ಹಿಡಿದಿಟ್ಟರೆ ಸಾಕು. ಚೇಂಬರಾದರೋ ತೋಟಾವನ್ನು ಸರಾಗವಾಗಿ ಒಳಗೆ ಬಿಟ್ಟುಕೊಳ್ಳಬೇಕು, ಮದ್ದು ಹೊತ್ತಿದ ಕ್ಷಣದಲ್ಲಿ ವಾತಾವರಣದ ಒತ್ತಡದ ಮೂರು ನಾಲ್ಕು ಸಾವಿರ ಪಟ್ಟನ್ನು ತಾಳಿಕೊಳ್ಳಬೇಕು, ಮರುಕ್ಷಣವೇ ಖಾಲಿ ತೋಟಾವನ್ನು ತಕರಾರಿಲ್ಲದೆ ಹೊರಗೆ ಬಿಟ್ಟುಕೊಡಬೇಕು. ಪರಸ್ಪರ ವಿರುದ್ಧವಾದ ಈ ಬೇಡಿಕೆಗಳನ್ನು ಪೂರೈಸಲು ಅಂಗುಲದ ಸಾವಿರದ ಕೆಲವು ಭಾಗಗಳಷ್ಟು ಮಾತ್ರ ಅವಕಾಶ ಇರುತ್ತದೆ. ಅಷ್ಟು ಸಣ್ಣ ವ್ಯತ್ಯಾಸದಿಂದ ಯುದ್ಧಭೂಮಿಯಲ್ಲಿ ಸೈನಿಕರು ನಿರಾಯುಧರಾದ ಪ್ರಸಂಗಗಳು ಇತಿಹಾಸದಲ್ಲಿ ದಾಖಲಾಗಿವೆ.

ಬಾಯಿತುಂಬುವ ಕೋವಿಯಿಂದ ಹಿತ್ತಾಳೆಯ ತೋಟಾದವರೆಗೆ

ಬಾಯಿಯಿಂದ ಮದ್ದು, ಗುಂಡು ತುಂಬುವ ಬತ್ತಿಕೋವಿ ಹಾಗೂ ಕೇಪಿನ ಕೋವಿಗಳಿಗೆ ಇಂದಿನ ಅರ್ಥದ ಚೇಂಬರು ಇರಲಿಲ್ಲ. ಅಲ್ಲಿ ಹೊಂದಾಣಿಕೆಯೆಂದರೆ ಗುಂಡಿಗೂ ನಳಿಗೆಗೂ ನಡುವಿನ ಸಂದಿನ ಪ್ರಶ್ನೆ. ಸುರುಳಿಗೆರೆಗಳಿಲ್ಲದ ಹಳೆಯ ಬಂದೂಕಿನಲ್ಲಿ ಗುಂಡು ಸಡಿಲವಾಗಿದ್ದರೆ ತುಂಬುವುದು ಸುಲಭ, ಗುರಿ ಕಷ್ಟ. 1853ರ ಮಾದರಿಯ ಎನ್‌ಫೀಲ್ಡ್ ರೈಫಲಿನ ರಂಧ್ರ 0.577 ಅಂಗುಲವಿದ್ದು, ಅದಕ್ಕೆ ಮೊದಲು ಗೊತ್ತುಪಡಿಸಿದ ಗುಂಡು 0.568 ಅಂಗುಲದ್ದಾಗಿತ್ತು. ಇಷ್ಟು ಬಿಗಿಯಾದ ಗುಂಡು ಮಸಿ ಹಿಡಿದ ನಳಿಗೆಯೊಳಗೆ ಇಳಿಯಬೇಕಾದರೆ ಜಿಡ್ಡು ಅನಿವಾರ್ಯವಾಯಿತು. 1857ರ ಘಟನೆಗಳಿಗೆ ಸಂಬಂಧಿಸಿದಂತೆ ಆ ಜಿಡ್ಡು ಯಾವ ಪ್ರಾಣಿಯದು ಎಂಬ ಚರ್ಚೆ ವಿಪುಲವಾಗಿ ನಡೆದಿದೆ. ತೋಟಾಕ್ಕೆ ಅಷ್ಟೊಂದು ಜಿಡ್ಡಿನ ಅಗತ್ಯ ಏಕೆ ಬಂದಿತೆಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಗುಂಡಿಗೂ ನಳಿಗೆಗೂ ನಡುವಿನ ಸಂದು ಕಿರಿದಾದುದೇ ಅದರ ತಾಂತ್ರಿಕ ಕಾರಣ. ಮುಂದೆ ಗುಂಡಿನ ವ್ಯಾಸವನ್ನು 0.550 ಅಂಗುಲಕ್ಕೆ ಇಳಿಸಿ ಸಂದನ್ನು ಹಿಗ್ಗಿಸಲಾಯಿತು.

ಹಿಂಬದಿಯಿಂದ ತುಂಬುವ ರೈಫಲು ಬಂದಾಗ ಪ್ರಶ್ನೆಯ ಸ್ವರೂಪವೇ ಬದಲಾಯಿತು. 1866ರಲ್ಲಿ ಬ್ರಿಟಿಷ್ ಸೇನೆ ಅಂಗೀಕರಿಸಿದ ಸ್ನೈಡರ್ ರೈಫಲು ಹಳೆಯ ಎನ್‌ಫೀಲ್ಡಿನ ಹಿಂತುದಿಯನ್ನು ಕತ್ತರಿಸಿ ರೂಪಿಸಿದ್ದು. ಕರ್ನಲ್ ಬಾಕ್ಸರ್ ರೂಪಿಸಿದ, ತೆಳುವಾದ ಹಿತ್ತಾಳೆಯ ಹಾಳೆಯನ್ನು ಸುತ್ತಿ ಮಾಡಿದ ತೋಟಾ ಅದರ ಜೀವಾಳವಾಗಿತ್ತು. ಸ್ಫೋಟದ ಅನಿಲ ಹಿಂದಕ್ಕೆ ಸೋರದಂತೆ ತಡೆಯುವ ಕೆಲಸವನ್ನು ಇಲ್ಲಿ ಉಕ್ಕಿನ ಬದಲು ಹಿತ್ತಾಳೆ ವಹಿಸಿಕೊಂಡಿತು. ಚೇಂಬರಿನ ನಿಜವಾದ ಇತಿಹಾಸ ಪ್ರಾರಂಭವಾಗುವುದು ಇಲ್ಲಿಂದ.

1871ರ ಮಾರ್ಟಿನಿ-ಹೆನ್ರಿ ರೈಫಲು ಇದೇ ಬಗೆಯ ಸುತ್ತಿದ ಹಿತ್ತಾಳೆಯ ತೋಟಾವನ್ನು ಬಳಸಿತಾದರೂ ಗುಂಡಿನ ವ್ಯಾಸವನ್ನು ಸುಮಾರು 0.450 ಅಂಗುಲಕ್ಕೆ ಇಳಿಸಿ, ಕೋಶಕ್ಕೆ ಸೀಸೆಯಂತೆ ಹೆಗಲು, ಕೊರಳುಗಳನ್ನು ಕೊಟ್ಟಿತು. ವ್ಯಾಪಾರದಲ್ಲಿ ಇದಕ್ಕೆ ಬಂದ ಹೆಸರು 577/450. ಸ್ನೈಡರಿನದೂ 577, ಮಾರ್ಟಿನಿಯದೂ 577! 1857ರ ತರುವಾಯ ಭಾರತೀಯ ಪಡೆಗಳಿಗೆ ಬ್ರಿಟಿಷ್ ಪಡೆಗಳಿಗಿಂತ ಒಂದು ತಲೆಮಾರು ಹಿಂದಿನ ಆಯುಧವನ್ನೇ ನೀಡುವ ನೀತಿಯಿದ್ದುದರಿಂದ ಎರಡನೆಯ ಆಫ್ಘನ್ ಯುದ್ಧದಲ್ಲಿ ಒಂದೇ ದಂಡಿನಲ್ಲಿ ಎರಡೂ ರೈಫಲುಗಳು ಇದ್ದವು. 1880ರ ಜುಲೈ 27ರ ಮೈವಂದ್ ಕದನದಲ್ಲಿ ಬ್ರಿಟಿಷರ 66ನೆಯ ಪದಾತಿ ದಳ ಮಾರ್ಟಿನಿಯನ್ನೂ ಅದರ ಪಕ್ಕದ ಮುಂಬಯಿ ಸೇನೆಯ ದಳಗಳು ಸ್ನೈಡರನ್ನೂ ಹಿಡಿದಿದ್ದವು. ಒಬ್ಬರ ತೋಟಾ ಇನ್ನೊಬ್ಬರಿಗೆ ಒದಗುವಂತಿರಲಿಲ್ಲ.

ಹಾಳೆ ಸುತ್ತಿದ ತೋಟಾದ ದೌರ್ಬಲ್ಯ ಪ್ರಕಟವಾದದ್ದು ಸುಡಾನಿನ ಮರಳಿನಲ್ಲಿ. 1885ರ ಜನವರಿ 17ರಂದು ಅಬು ಕ್ಲೇಯಾದಲ್ಲಿ ನಡೆದ ಕಾಳಗದಲ್ಲಿ ಬಿಸಿಯಾದ, ಧೂಳು ಹೊಕ್ಕ ಚೇಂಬರುಗಳಲ್ಲಿ ಖಾಲಿ ತೋಟಾಗಳು ಅಂಟಿಕೊಂಡವು. ಎಳೆಯುವ ಕೊಕ್ಕೆ ತಳದ ಅಂಚನ್ನು ಹರಿದುಕೊಂಡು ಬಂದರೆ ಕೋಶದ ಉಳಿದ ಭಾಗ ಒಳಗೇ ಉಳಿಯುತ್ತಿತ್ತು. ಈ ದೂರುಗಳು ಬಂದ ಮೇಲೆ, ಒಂದೇ ತುಂಡು ಲೋಹವನ್ನು ಒತ್ತಿ ಎಳೆದು ಮಾಡುವ ಗಟ್ಟಿ ಹಿತ್ತಾಳೆಯ ಕೋಶಕ್ಕೆ ಬ್ರಿಟಿಷ್ ಸೇನೆ ಹೊರಳಿತು.

ಹಿತ್ತಾಳೆ, ಉಕ್ಕು ಮತ್ತು ಹೆಡ್‌ಸ್ಪೇಸ್

ಹಿತ್ತಾಳೆಯ ಆಯ್ಕೆ ಆಕಸ್ಮಿಕವಲ್ಲ. ಕೇಪು ಸಿಡಿದು ಮದ್ದು ಹೊತ್ತಿದೊಡನೆ ಕೋಶದ ತೆಳುವಾದ ಗೋಡೆ ಉಬ್ಬಿ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಅನಿಲ ಹಿಂದೆ ಸೋರುವುದಿಲ್ಲ. ಆ ಒತ್ತಡಕ್ಕೆ ಸುತ್ತಲಿನ ಉಕ್ಕೂ ಅತ್ಯಲ್ಪವಾಗಿ ಹಿಗ್ಗುತ್ತದೆ. ಗುಂಡು ನಳಿಗೆಯ ಬಾಯನ್ನು ದಾಟಿ ಒತ್ತಡ ಇಳಿದಾಗ ಉಕ್ಕು ತನ್ನ ಮೂಲ ಅಳತೆಗೆ ಮರಳುತ್ತದೆ, ಹಿತ್ತಾಳೆ ಭಾಗಶಃ ಮರಳುತ್ತದೆ. ಉಕ್ಕಿಗಿಂತ ಹಿತ್ತಾಳೆ ಒಂದಿಷ್ಟು ಹೆಚ್ಚಾಗಿ ಕುಗ್ಗಿದರೆ ಇವುಗಳ ನಡುವೆ ಮತ್ತೆ ಸಂದು ಏರ್ಪಟ್ಟು ಖಾಲಿ ತೋಟಾ ಸುಲಭವಾಗಿ ಹೊರಬರುತ್ತದೆ. ಹಿತ್ತಾಳೆ ಮೆದುವಾಗಿದ್ದರೆ, ಒತ್ತಡ ಮಿತಿಮೀರಿದರೆ ಅಥವಾ ಚೇಂಬರಿನಲ್ಲಿ ಧೂಳು, ತುಕ್ಕು ಇದ್ದರೆ ಉಕ್ಕು ಹಿತ್ತಾಳೆಯನ್ನು ಹಿಡಿದುಕೊಂಡುಬಿಡುತ್ತದೆ. ಕೋಶವನ್ನು ತಳದಿಂದ ಬಾಯಿಯ ಕಡೆಗೆ ಕ್ರಮವಾಗಿ ಕಿರಿದುಗೊಳಿಸುವುದರ ಉದ್ದೇಶ, ಅದು ಒಂದಿಷ್ಟು ಹಿಂದೆ ಸರಿದೊಡನೆ ಸುತ್ತಲಿನ ಗೋಡೆಯಿಂದ ಪೂರ್ತಿ ಬಿಡಿಸಿಕೊಳ್ಳಲಿ ಎಂಬುದೇ. 303ರ ತೋಟಾದಲ್ಲಿ ಈ ಇಳಿಜಾರು ಎದ್ದು ಕಾಣುತ್ತದೆ.

ತೋಟಾ ಚೇಂಬರಿನೊಳಗೆ ಎಷ್ಟು ದೂರ ಹೋಗಿ ನಿಲ್ಲಬೇಕು ಎಂಬುದು ಇನ್ನೊಂದು ಪ್ರಶ್ನೆ. ತೋಟಾವನ್ನು ಮುಂದೆ ತಡೆದು ನಿಲ್ಲಿಸುವ ನೆಲೆಗೂ ಹಿಂದೆ ಒತ್ತಿ ಹಿಡಿಯುವ ಬೋಲ್ಟಿನ ಮುಖಕ್ಕೂ ನಡುವಿನ ಅಂತರಕ್ಕೆ ಹೆಡ್‌ಸ್ಪೇಸ್ ಎನ್ನುತ್ತಾರೆ. 303ರಂಥ ಅಂಚುಳ್ಳ ತೋಟಾ ತನ್ನ ತಳದ ಅಂಚಿನ ಮೇಲೆಯೇ ನಿಲ್ಲುತ್ತದೆ. 7.62 × 51ರಂಥ, ಅಂಚು ಹೊರಚಾಚದ ತೋಟಾ ತನ್ನ ಹೆಗಲಿನ ಮೇಲೆ ನಿಲ್ಲುತ್ತದೆ. ಈ ಅಂತರ ಕಡಿಮೆಯಾದರೆ ಬೋಲ್ಟು ಮುಚ್ಚಿಕೊಳ್ಳದು. ಅಷ್ಟಕ್ಕೇ ಅಪಾಯ ಮುಗಿಯಿತು. ಹೆಚ್ಚಾದರೆ ಅಪಾಯ ಮರೆಯಲ್ಲಿ ಬೆಳೆಯುತ್ತದೆ: ಕೋಶದ ಮುಂಭಾಗ ಗೋಡೆಗೆ ಅಂಟಿಕೊಂಡಿರುವಾಗ ತಳಭಾಗ ಹಿಂದಕ್ಕೆ ಚಾಚಿಕೊಳ್ಳುತ್ತದೆ, ತಳದ ಸಮೀಪ ಹಿತ್ತಾಳೆ ತೆಳುವಾಗುತ್ತದೆ, ಕೊನೆಗೊಮ್ಮೆ ತುಂಡಾಗಿ ಅನಿಲ ಹಿಡಿದವನ ಮುಖದ ಕಡೆಗೆ ನುಗ್ಗುತ್ತದೆ. ಈ ಕಾರಣದಿಂದಲೇ ಆಯುಧಾಗಾರಗಳಲ್ಲಿ ‘ಹೋಗಬೇಕಾದ’ ಹಾಗೂ ‘ಹೋಗಬಾರದ’ ಎಂಬ ಎರಡು ಬಗೆಯ ಉಕ್ಕಿನ ಗೇಜುಗಳನ್ನಿಟ್ಟು ರೈಫಲನ್ನು ಪರೀಕ್ಷಿಸುವ ಪದ್ಧತಿ ಬೆಳೆಯಿತು. ಲೀ-ಎನ್‌ಫೀಲ್ಡಿನ ನಾಲ್ಕನೆಯ ನಂಬರಿನ ರೈಫಲಿನಲ್ಲಿ ಬೋಲ್ಟಿನ ತಲೆಯನ್ನು ಪ್ರತ್ಯೇಕವಾಗಿ ಮಾಡಿ, 0ಯಿಂದ 3ರವರೆಗಿನ ಅಂಕಿಗಳನ್ನು ಹಾಕಿದ ನಾಲ್ಕು ಅಳತೆಗಳಲ್ಲಿ ಒದಗಿಸಲಾಗಿತ್ತು. ಸವೆದ ರೈಫಲಿಗೆ ಉದ್ದನೆಯ ತಲೆಯನ್ನು ಹಾಕಿ ಹೆಡ್‌ಸ್ಪೇಸನ್ನು ಸರಿಪಡಿಸಬಹುದಾಗಿತ್ತು. ಒಂದು ರೈಫಲಿನ ಬೋಲ್ಟನ್ನು ಇನ್ನೊಂದಕ್ಕೆ ಗೇಜಿಲ್ಲದೆ ಹಾಕಬಾರದೆಂಬ ಕಟ್ಟುನಿಟ್ಟಿನ ನಿಯಮಕ್ಕೆ ಕಾರಣವೂ ಇದೇ.

ಈಪ್ರೆ, 1915: ರಾಸ್ ರೈಫಲಿನ ಪ್ರಕರಣ

ಹೆಸರು ಒಂದೇ ಆಗಿದ್ದು ಅಳತೆ ಬೇರೆಯಾದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾದ ರಾಸ್ ರೈಫಲಿಗಿಂತ ಮಿಗಿಲಾದ ನಿದರ್ಶನ ದೊರೆಯುವುದು ದುರ್ಲಭ. ಬೋಯರ್ ಯುದ್ಧದ ಕಾಲದಲ್ಲಿ ಬ್ರಿಟನ್ನಿನಿಂದ ಲೀ-ಎನ್‌ಫೀಲ್ಡ್ ರೈಫಲುಗಳು ಸಾಕಷ್ಟು ದೊರೆಯದೆ ಹೋದಾಗ ಕೆನಡಾ ಸರ್ಕಾರವು ಸರ್ ಚಾರ್ಲ್ಸ್ ರಾಸ್ ರೂಪಿಸಿದ ರೈಫಲನ್ನು ಒಪ್ಪಿಕೊಂಡು, ಕ್ವಿಬೆಕ್ ನಗರದಲ್ಲಿ ಅದರ ಕಾರ್ಖಾನೆಗೆ ಅವಕಾಶ ಮಾಡಿಕೊಟ್ಟಿತು. 303ರದೇ ತೋಟಾ, ಆದರೆ ಚೇಂಬರು ಬಿಗಿ. ಬಿಗಿಯಾದ ಚೇಂಬರಿನಲ್ಲಿ ತೋಟಾ ಪ್ರತಿಸಲವೂ ಒಂದೇ ನೆಲೆಯಲ್ಲಿ ಕೂರುವುದರಿಂದ ಗುರಿ ನಿಖರವಾಗುತ್ತದೆ. ಬಿಸ್ಲಿಯ ಗುರಿಸ್ಪರ್ಧೆಗಳಲ್ಲಿ ರಾಸ್ ಗಳಿಸಿದ ಕೀರ್ತಿಗೆ ಇದೂ ಒಂದು ಕಾರಣ. ಅಲ್ಲಿ ಬಳಸುತ್ತಿದ್ದುದು ಶ್ರದ್ಧೆಯಿಂದ ತಯಾರಿಸಿ ಆರಿಸಿದ ತೋಟಾ, ಶುಚಿಯಾದ ರೈಫಲು, ನಿಧಾನವಾದ ಈಡು.

ಬೋಲ್ಟಿನ ವಿನ್ಯಾಸವೂ ಇಲ್ಲಿ ಪ್ರಸ್ತುತ. ಲೀ-ಎನ್‌ಫೀಲ್ಡಿನಲ್ಲಿ ಹಿಡಿಯನ್ನು ಮೊದಲು ಮೇಲಕ್ಕೆ ತಿರುಗಿಸಿ ಅನಂತರ ಹಿಂದಕ್ಕೆ ಎಳೆಯಬೇಕು. ತಿರುಗಿಸುವಾಗಲೇ ಒಳಗಿನ ಓರೆ ಮೈಯೊಂದು ಬಲವಾದ ಸನ್ನೆಯಂತೆ ವರ್ತಿಸಿ ಖಾಲಿ ತೋಟಾವನ್ನು ಚೇಂಬರಿನಿಂದ ಸಡಿಲಗೊಳಿಸುತ್ತದೆ. ರಾಸ್ ರೈಫಲಿನದು ನೇರವಾಗಿ ಹಿಂದೆ ಎಳೆಯುವ ಬೋಲ್ಟು. ವೇಗ ಹೆಚ್ಚು ಎಂಬುದು ಅದರ ಹೆಗ್ಗಳಿಕೆ. ಅಂಟಿದ ತೋಟಾವನ್ನು ಸಡಿಲಿಸುವ ಆ ಸನ್ನೆಯ ಬಲ ಮಾತ್ರ ಅದಕ್ಕೆ ಇಲ್ಲವಾಯಿತು. ಎಲ್ಲ ಭಾರವೂ ಸೈನಿಕನ ತೋಳಿನ ಮೇಲೆ.

1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರೆಯ ಬಳಿ ಜರ್ಮನ್ ಸೇನೆ ಕ್ಲೋರಿನ್ ಅನಿಲವನ್ನು ಬಿಟ್ಟಿತು. ಅಲ್ಲಿ ರಕ್ಷಣೆಯ ಹೊಣೆ ಹೊತ್ತಿದ್ದ ಪಡೆಗಳಲ್ಲಿ ಕೆನಡಾದ ಒಂದನೆಯ ಡಿವಿಜನ್ನೂ ಒಂದು. ಅವರ ಬಳಿಯಿದ್ದ ತೋಟಾಗಳಲ್ಲಿ ಬಹುಪಾಲು ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಯುದ್ಧಕಾಲದ ಅವಸರದಲ್ಲಿ ತಯಾರಾದವು. ಅವುಗಳ ಅಳತೆಯಲ್ಲಿ ಕಂಡುಬರುತ್ತಿದ್ದ ಸಣ್ಣ ಏರುಪೇರನ್ನು ಲೀ-ಎನ್‌ಫೀಲ್ಡಿನ ಉದಾರವಾದ ಚೇಂಬರು ನುಂಗಿಕೊಳ್ಳುತ್ತಿತ್ತು, ರಾಸ್ ರೈಫಲಿನದು ನುಂಗಿಕೊಳ್ಳಲಿಲ್ಲ. ವೇಗವಾಗಿ ಹಾರಿಸಿ ನಳಿಗೆ ಕಾದಂತೆ ತೋಟಾಗಳು ಸಿಕ್ಕಿಕೊಂಡವು. ಬೋಲ್ಟಿನ ಹಿಡಿಯನ್ನು ಬೂಟಿನಿಂದ ಒದ್ದು, ಅಗೆಯುವ ಸಲಿಕೆಯಿಂದ ಬಡಿದು ತೆರೆಯಬೇಕಾದ ಸ್ಥಿತಿ ಒದಗಿತು. ಆ ಕದನದಲ್ಲಿ ಬದುಕುಳಿದ ಸುಮಾರು 5,000 ಪದಾತಿಗಳ ಪೈಕಿ 1,452 ಮಂದಿ ತಮ್ಮ ರಾಸ್ ರೈಫಲನ್ನು ಬಿಸುಟು, ಬಿದ್ದಿದ್ದ ಬ್ರಿಟಿಷ್ ಸೈನಿಕರ ಲೀ-ಎನ್‌ಫೀಲ್ಡನ್ನು ಎತ್ತಿಕೊಂಡಿದ್ದರೆಂಬ ಲೆಕ್ಕ ಕೆನಡಾದ ಯುದ್ಧ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಆಜ್ಞೆಯಿಲ್ಲದೆ ಆಯುಧವನ್ನು ಬದಲಿಸುವುದು ಶಿಸ್ತಿನ ಉಲ್ಲಂಘನೆ ಎಂಬುದನ್ನು ನೆನೆದರೆ ಈ ಸಂಖ್ಯೆಯ ತೂಕ ತಿಳಿಯುತ್ತದೆ. ಅದೇ ರಣರಂಗಕ್ಕೆ ಏಪ್ರಿಲ್ 26ರಂದು ಬಂದು ದಾಳಿಗಿಳಿದ ಭಾರತದ ಲಾಹೋರ್ ಡಿವಿಜನ್ನಿನ ಕೈಯಲ್ಲಿದ್ದುದು ಲೀ-ಎನ್‌ಫೀಲ್ಡ್. ಅವರ ಪಾಲಿಗೆ ಬೇರೆ ಸಂಕಷ್ಟಗಳು ಬೇಕಾದಷ್ಟಿದ್ದವು, ಇದೊಂದು ಇರಲಿಲ್ಲ.

ಕೆನಡಾದ ಡೊಮಿನಿಯನ್ ಆರ್ಸೆನಲಿನಲ್ಲಿ ತಯಾರಾದ ತೋಟಾಗಳು ರಾಸ್ ರೈಫಲಿನಲ್ಲಿ ಬಹುಮಟ್ಟಿಗೆ ಸರಾಗವಾಗಿ ನಡೆದವು ಎಂಬ ಅಂಶವು ರೈಫಲಿನ ಸಮರ್ಥಕರಿಗೆ ಆಧಾರವಾಯಿತು. ದೋಷವೆಲ್ಲ ಬ್ರಿಟಿಷ್ ತೋಟಾದ್ದು ಎಂದು ಕೆನಡಾದ ಸೇನಾ ಸಚಿವ ಸ್ಯಾಮ್ ಹ್ಯೂಸ್ ವಾದಿಸಿದರು. ಡಿವಿಜನ್ನಿನ ದಂಡನಾಯಕ ಜನರಲ್ ಆಲ್ಡರ್ಸನ್ ರೈಫಲನ್ನೇ ಬದಲಿಸಬೇಕೆಂದು ಪಟ್ಟುಹಿಡಿದರು. ಇಬ್ಬರ ಮಾತಿನಲ್ಲೂ ಸತ್ಯಾಂಶವಿತ್ತು. ಆದರೆ ಅಂಗುಲದ ಸಾವಿರದ ಭಾಗಗಳಲ್ಲಿ ತೋಟಾ ಸರಿಯೋ ಚೇಂಬರು ಸರಿಯೋ ಎಂದು ತೀರ್ಪು ನೀಡುವುದು ಕಂದಕದಲ್ಲಿದ್ದವನಿಗೆ ನಿಷ್ಪ್ರಯೋಜಕ. ಸಾಮ್ರಾಜ್ಯದ ಸೇನೆಗಳೆಲ್ಲ ಒಂದೇ ಉಗ್ರಾಣದ ತೋಟಾವನ್ನು ಹಂಚಿಕೊಳ್ಳಬೇಕಾದಾಗ, ಆ ಉಗ್ರಾಣದ ಅತ್ಯಂತ ಕಳಪೆ ತೋಟಾವನ್ನೂ ಸ್ವೀಕರಿಸಬಲ್ಲ ಚೇಂಬರೇ ಯುದ್ಧಕ್ಕೆ ಯೋಗ್ಯವಾದ ಚೇಂಬರು. ಈ ದೃಷ್ಟಿಯಿಂದ ಆಲ್ಡರ್ಸನ್ನರ ನಿಲುವೇ ಹೆಚ್ಚು ಸಮಂಜಸ. 1915ರ ಜೂನ್‌ನಲ್ಲಿ ಒಂದನೆಯ ಡಿವಿಜನ್ನಿಗೂ 1916ರಲ್ಲಿ ಉಳಿದ ಡಿವಿಜನ್ನುಗಳಿಗೂ ಲೀ-ಎನ್‌ಫೀಲ್ಡ್ ದೊರೆಯಿತು. ಆಲ್ಡರ್ಸನ್ 1916ರಲ್ಲಿ ತಮ್ಮ ಅಧಿಕಾರವನ್ನು ಕಳೆದುಕೊಂಡರು. ಹ್ಯೂಸರೂ ಅದೇ ವರ್ಷದ ನವೆಂಬರ್‌ನಲ್ಲಿ ಪದತ್ಯಾಗ ಮಾಡಬೇಕಾಯಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ರಾಸ್ ರೈಫಲಿನ ವೈಫಲ್ಯವನ್ನು ಪೂರ್ತಿಯಾಗಿ ಚೇಂಬರಿನ ಮೇಲೆ ಹೊರಿಸುವುದು ಸರಿಯಾಗದು. ಬೋಲ್ಟನ್ನು ಹಿಂದೆ ತಡೆದು ನಿಲ್ಲಿಸುವ ಚಿಕ್ಕ ತಡೆಯು ಬೋಲ್ಟಿನ ತಲೆಯ ಎಳೆಗಳಿಗೆ ಪದೇ ಪದೇ ಬಡಿದು ಅವುಗಳನ್ನು ಜಜ್ಜುತ್ತಿತ್ತು. ಜಜ್ಜಿದ ಎಳೆ ತನ್ನ ಗಾಡಿಯಲ್ಲಿ ತಿರುಗಲು ನಿರಾಕರಿಸುತ್ತಿತ್ತು. ತೋಟಾ ಸಿಕ್ಕಿಕೊಂಡಷ್ಟೂ ಬೋಲ್ಟನ್ನು ಬಲವಾಗಿ ಎಳೆಯಬೇಕು, ಬಲವಾಗಿ ಎಳೆದಷ್ಟೂ ಎಳೆಗಳು ಜಜ್ಜಿಹೋಗುತ್ತವೆ. ಒಂದು ದೋಷ ಇನ್ನೊಂದನ್ನು ಪೋಷಿಸಿತು. ಚೇಂಬರುಗಳನ್ನು ಮತ್ತೆ ಕೊರೆದು ಹಿಗ್ಗಿಸಿದ ಮೇಲೂ ದೂರುಗಳು ಪೂರ್ತಿ ನಿಲ್ಲದಿದ್ದುದಕ್ಕೆ ಇದು ಕಾರಣ. ಇಷ್ಟಾದರೂ ಗುರಿಕಾರರು ಮಾತ್ರ ರಾಸ್ ರೈಫಲನ್ನು ಕೈಬಿಡಲಿಲ್ಲ. ಒಂದೊಂದೇ ಈಡನ್ನು ನಿಧಾನವಾಗಿ, ಆರಿಸಿದ ತೋಟಾದಿಂದ ಹೊಡೆಯುವ ಅವರಿಗೆ ಅದೇ ಬಿಗಿ ಚೇಂಬರು ವರವಾಗಿತ್ತು.

ಗಂಟಲಿನ ವ್ಯತ್ಯಾಸ

ಚೇಂಬರು ಮುಗಿದು ಸುರುಳಿಗೆರೆಗಳು ಪ್ರಾರಂಭವಾಗುವ ನಡುವಣ ಭಾಗಕ್ಕೆ ಗಂಟಲು ಎನ್ನಬಹುದು. ತೋಟಾ ಚೇಂಬರಿನಲ್ಲಿ ಲೋಪವಿಲ್ಲದೆ ಕೂತಿದ್ದೂ ಗಂಟಲಿನಲ್ಲಿ ಎಡವುವ ಸಂಭವವಿದೆ. ಜರ್ಮನಿಯ 1888ರ ಸೇನಾ ತೋಟಾದ ಗುಂಡಿನ ವ್ಯಾಸ ಸುಮಾರು 8.1 ಮಿಲಿಮೀಟರ್. 1905ರಲ್ಲಿ ಅಂಗೀಕೃತವಾದ ಹೊಸ ಚೂಪು ಗುಂಡಿನದು ಸುಮಾರು 8.2 ಮಿಲಿಮೀಟರ್. ಕೋಶದ ಆಕಾರ ಹಳೆಯದೇ ಆದ್ದರಿಂದ ಹೊಸ ತೋಟಾ ಹಳೆಯ ರೈಫಲಿನ ಬಳಿಗೂ ಸಹಜವಾಗಿ ಬಂದೀತು. ಆದರೆ ದಪ್ಪ ಗುಂಡು ಕಿರಿದಾದ ನಳಿಗೆಗೆ ನುಗ್ಗಿದಾಗ ಒತ್ತಡ ಅಪಾಯದ ಮಟ್ಟಕ್ಕೇರುತ್ತದೆ. ಆದುದರಿಂದ ಹೊಸ ಗುಂಡಿಗೆ ತಕ್ಕಂತೆ ಮಾರ್ಪಡಿಸಿದ ಹಳೆಯ ರೈಫಲುಗಳ ಮೇಲೆ ‘ಎಸ್’ ಎಂಬ ಅಕ್ಷರವನ್ನು ಒತ್ತಲಾಯಿತು. ಸಂಗ್ರಹಾಲಯದಲ್ಲಿರುವ ಜರ್ಮನ್ ರೈಫಲೊಂದರ ಇತಿಹಾಸವನ್ನು ಓದುವವನಿಗೆ ಆ ಒಂದಕ್ಷರ ಇಡೀ ಪುಟದಷ್ಟು ಮಾಹಿತಿಯನ್ನು ನೀಡುತ್ತದೆ.

ಈ ಕಾಲದ ನಿದರ್ಶನ 5.56 ಮಿಲಿಮೀಟರಿನ ಸೇನಾ ತೋಟಾ ಮತ್ತು ಅದರ ನಾಗರಿಕ ರೂಪವಾದ 223 ರೆಮಿಂಗ್ಟನ್‌ಗಳದು. ಎರಡರ ಕೋಶವೂ ಹೊರಗಿನ ಅಳತೆಯಲ್ಲಿ ಒಂದೇ ಎನ್ನಬಹುದು. ಸೇನಾ ಚೇಂಬರಿನ ಗಂಟಲು ನಾಗರಿಕ ಚೇಂಬರಿನದಕ್ಕಿಂತ ಉದ್ದ. ಆ ವ್ಯತ್ಯಾಸ ತೀರ ಸಣ್ಣದು. ಗುಂಡು ಗೆರೆಗಳನ್ನು ಸಂಧಿಸುವ ಮುನ್ನ ಓಡಬೇಕಾದ ದೂರ ಕಡಿಮೆಯಾದಂತೆ ಒತ್ತಡ ಬೇಗ ಏರುತ್ತದೆ. ಆದ್ದರಿಂದ ನಾಗರಿಕ ತೋಟಾವನ್ನು ಸೇನಾ ಚೇಂಬರಿನಲ್ಲಿ ಹಾರಿಸಬಹುದು, ಸೇನಾ ತೋಟಾವನ್ನು ನಾಗರಿಕ ಚೇಂಬರಿನಲ್ಲಿ ಹಾರಿಸಕೂಡದು ಎಂಬುದು ಅಮೆರಿಕದ ಆಯುಧ ಹಾಗೂ ತೋಟಾ ತಯಾರಕರ ಸಂಸ್ಥೆಯಾದ ಸಾಮಿಯ ಸೂಚನೆ. ಹೊಂದಾಣಿಕೆ ಇಲ್ಲಿ ಒಮ್ಮುಖವಾದದ್ದು. ಈ ಚರ್ಚೆಯಲ್ಲಿ ಪದೇ ಪದೇ ಉಲ್ಲೇಖವಾಗುವ ಒತ್ತಡದ ಅಂಕಿಗಳು, ಅಂದರೆ ಚದರ ಅಂಗುಲಕ್ಕೆ 55,000 ಪೌಂಡು ಮತ್ತು ಸುಮಾರು 62,000 ಪೌಂಡು, ಓದುಗರನ್ನು ದಾರಿತಪ್ಪಿಸುವಂಥವು. ಮೊದಲನೆಯದನ್ನು ಕೋಶದ ಮಧ್ಯಭಾಗದಲ್ಲಿ ಅಳೆಯುತ್ತಾರೆ, ಎರಡನೆಯದನ್ನು ಕೋಶದ ಬಾಯಿಯ ಬಳಿ. ಬೇರೆ ಬೇರೆ ತಾಣಗಳಲ್ಲಿ ಅಳೆದ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಲಾಗದು.

ಚೇಂಬರಿನ ಆಕಾರವಷ್ಟೇ ಅಲ್ಲದೆ ಅದರ ಮೈಯ ಗುಣವೂ ಮುಖ್ಯ ಎಂಬುದನ್ನು ವಿಯೆಟ್ನಾಂ ಯುದ್ಧ ತೋರಿಸಿತು. 1966-67ರಲ್ಲಿ ಅಮೆರಿಕದ ಎಂ-16 ರೈಫಲುಗಳು ಅಲ್ಲಿನ ಆರ್ದ್ರ ಹವೆಯಲ್ಲಿ ಸಿಕ್ಕಿಕೊಂಡು, ಕೆಟ್ಟ ರೈಫಲಿನ ಪಕ್ಕದಲ್ಲೇ ಸೈನಿಕರು ಸತ್ತುಬಿದ್ದ ವರದಿಗಳು ಬಂದವು. ಮದ್ದಿನ ಬಗೆಯನ್ನು ಬದಲಿಸಿದ್ದು, ಶುಚಿಗೊಳಿಸುವ ಸಾಮಗ್ರಿಯ ಅಭಾವ ಹಾಗೂ ಕ್ರೋಮಿಯಂ ಲೇಪನವಿಲ್ಲದ ಚೇಂಬರು ತುಕ್ಕು ಹಿಡಿದದ್ದು ಕಾರಣಗಳಲ್ಲಿ ಪ್ರಮುಖ. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ಇದರ ವಿಚಾರಣೆ ನಡೆಸಿತು. ಚೇಂಬರಿಗೆ ಕ್ರೋಮಿಯಂ ಲೇಪಿಸುವ ಕ್ರಮವೂ ಜಾರಿಗೆ ಬಂದಿತು. ಜರ್ಮನಿಯ ಜಿ-3 ರೈಫಲಿನ ವಿನ್ಯಾಸಕರು ಬೇರೊಂದು ಉಪಾಯವನ್ನು ಅನುಸರಿಸಿದರು: ಚೇಂಬರಿನ ಗೋಡೆಯಲ್ಲಿ ಉದ್ದುದ್ದ ಗೀರುಗಳನ್ನು ಕೊರೆದು, ಒಂದಿಷ್ಟು ಅನಿಲ ಕೋಶದ ಹೊರಮೈಯ ಸುತ್ತ ಹರಿದು ಅದನ್ನು ತೇಲಿಸುವಂತೆ ಮಾಡಿದರು. ಆ ರೈಫಲಿನಿಂದ ಹೊರಬಿದ್ದ ಖಾಲಿ ತೋಟಾಗಳ ಮೇಲಿನ ಮಸಿಪಟ್ಟೆಗಳಿಂದ ಅವುಗಳ ಮೂಲವನ್ನು ಈಗಲೂ ಗುರುತಿಸಬಹುದು.

ಭಾರತದಲ್ಲಿ

303ರ ತೋಟಾದಲ್ಲಿಯೇ ಹಲವು ಮಾರ್ಕುಗಳಿದ್ದವು. ಆರನೆಯ ಮಾರ್ಕಿನದು 215 ಗ್ರೇನ್ ತೂಕದ ಮೊಂಡು ಗುಂಡು. 1910ರ ಏಳನೆಯ ಮಾರ್ಕಿನದು 174 ಗ್ರೇನಿನ ಚೂಪು ಗುಂಡು, ಅದರ ವೇಗ ಸೆಕೆಂಡಿಗೆ 2,440 ಅಡಿ. ಎರಡೂ ಒಂದೇ ಚೇಂಬರಿನಲ್ಲಿ ಕೂರುತ್ತವೆ, ಎರಡೂ ಹಾರುತ್ತವೆ. ಆದರೆ ಒಂದಕ್ಕೆಂದು ಗುರುತು ಹಾಕಿದ ಗುರಿಪಟ್ಟಿಯಲ್ಲಿ ಇನ್ನೊಂದು ಗುಂಡು ಗುರಿ ಮುಟ್ಟದು. 1914ರ ಶರತ್ಕಾಲದಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿಳಿದ ಭಾರತೀಯ ದಳಗಳು ತಮಗೆ ಪರಿಚಿತವಾಗಿದ್ದ ರೈಫಲುಗಳನ್ನು ಒಪ್ಪಿಸಿ, ಏಳನೆಯ ಮಾರ್ಕಿನ ತೋಟಾಕ್ಕೆ ಹೊಂದುವ ರೈಫಲುಗಳನ್ನು ಪಡೆದು ರಣರಂಗಕ್ಕೆ ತೆರಳಬೇಕಾಯಿತು. ಚೇಂಬರಿನ ಹೊಂದಾಣಿಕೆ ಹೊಂದಾಣಿಕೆಯ ಮೊದಲ ಮೆಟ್ಟಿಲು ಮಾತ್ರ ಎಂಬುದಕ್ಕೆ ಇದು ಸಾಕ್ಷಿ.

ಸ್ವಾತಂತ್ರ್ಯಾನಂತರದ ಮುಖ್ಯ ಪ್ರಕರಣ ಇಛಾಪುರದ ಕಾರ್ಖಾನೆಗೆ ಸಂಬಂಧಿಸಿದ್ದು. 1962ರ ಚೀನಾ ಯುದ್ಧದ ತರುವಾಯದ ವರ್ಷಗಳಲ್ಲಿ ಭಾರತೀಯ ಸೇನೆ 7.62 × 51ರ ತೋಟಾಕ್ಕೆ ಹೊರಳುತ್ತಿದ್ದಾಗ, ಆ ತೋಟಾವನ್ನು ಹಾರಿಸುವ 2ಎ ಹಾಗೂ 2ಎ1 ಎಂಬ ರೈಫಲುಗಳನ್ನು ಅಲ್ಲಿ ತಯಾರಿಸಲಾಯಿತು. ಹೊರನೋಟಕ್ಕೆ ಅವು ಹಳೆಯ ‘ತ್ರೀ ನಾಟ್ ತ್ರೀ’ಯಂತೆಯೇ ಕಾಣುತ್ತವೆ. ಹಳೆಯ ರೈಫಲುಗಳಿಗೆ ಹೊಸ ನಳಿಗೆ ತೊಡಿಸಿ ಇವನ್ನು ಮಾಡಿದರೆಂಬ ಅಭಿಪ್ರಾಯ ವ್ಯಾಪಕವಾಗಿ ಪ್ರಚಲಿತವಿದ್ದರೂ ಅದಕ್ಕೆ ಆಧಾರವಿಲ್ಲ. ಇವು ಹೆಚ್ಚು ಗಟ್ಟಿಯಾದ ಉಕ್ಕಿನಲ್ಲಿ ಹೊಸದಾಗಿಯೇ ತಯಾರಾದವು. ಅದರ ಅಗತ್ಯ ಸ್ಪಷ್ಟ. ಐರೋಪ್ಯ ಸಿ.ಐ.ಪಿ. ಸಂಸ್ಥೆ ನಿಗದಿಪಡಿಸಿರುವ ಗರಿಷ್ಠ ಒತ್ತಡ 303ಕ್ಕೆ 3,650 ಬಾರ್, 7.62ರ ನಾಗರಿಕ ರೂಪವಾದ 308 ವಿಂಚೆಸ್ಟರಿಗೆ 4,150 ಬಾರ್. ಲೀ-ಎನ್‌ಫೀಲ್ಡಿನ ಬೋಲ್ಟಿಗೆ ಬೀಗ ಬೀಳುವುದು ಅದರ ಹಿಂಭಾಗದಲ್ಲಿ. ಈಡಿನ ಕ್ಷಣದಲ್ಲಿ ಬೋಲ್ಟಿನ ಇಡೀ ಉದ್ದ ಒತ್ತಿಕೊಳ್ಳುತ್ತದೆ, ಒಡಲು ಚಾಚಿಕೊಳ್ಳುತ್ತದೆ. ಹೆಚ್ಚಿನ ಒತ್ತಡವನ್ನು ಹಳೆಯ ಉಕ್ಕಿಗೆ ಒಪ್ಪಿಸುವುದು ವಿವೇಕವಾಗುತ್ತಿರಲಿಲ್ಲ. ಅಂಚಿಲ್ಲದ ತೋಟಾವನ್ನು ಹಿಡಿಯಲು ಎಳೆಯುವ ಕೊಕ್ಕೆಯನ್ನೂ ತೋಟಾ ತುಂಬುವ ಪೆಟ್ಟಿಗೆಯನ್ನೂ ಬದಲಿಸಬೇಕಾಯಿತು. ಅಂಚಿನ ಮೇಲೆ ನಿಲ್ಲುತ್ತಿದ್ದ ಹೆಡ್‌ಸ್ಪೇಸ್ ಹೆಗಲಿನ ಮೇಲಕ್ಕೆ ಸರಿಯಿತು.

ಈ ಸಂದರ್ಭದಲ್ಲಿ 308 ವಿಂಚೆಸ್ಟರ್ ಮತ್ತು 7.62 × 51 ಒಂದೇ ಎಂಬ ಮಾತನ್ನೂ ಪರಿಶೀಲಿಸಬೇಕು. ನಾಗರಿಕ ಚೇಂಬರಿನ ಕನಿಷ್ಠ ಹೆಡ್‌ಸ್ಪೇಸ್ 1.630 ಅಂಗುಲ, ಸೇನಾ ಚೇಂಬರಿನದು ಸುಮಾರು 1.635, ಮೇಲಿನ ಮಿತಿ 1.645. ಸೇನಾ ಕೋಶದ ಗೋಡೆ ದಪ್ಪವಾಗಿರುವುದರಿಂದ ಈ ಸಡಿಲವನ್ನು ತಾಳಿಕೊಳ್ಳುತ್ತದೆ. ತೆಳುವಾದ ನಾಗರಿಕ ಕೋಶ ಸವೆದ ಸೇನಾ ಚೇಂಬರಿನಲ್ಲಿ ಅಷ್ಟು ಚಾಚಿಕೊಳ್ಳಲಾರದೆ ತುಂಡಾಗಬಹುದು.

ನಾಗರಿಕರ ಕಡೆಗೆ ತಿರುಗಿದರೆ, ಸೇನಾ ಬೋರಿನ ಆಯುಧಗಳನ್ನು ಸಾಮಾನ್ಯ ಪರವಾನಗಿದಾರರು ಇಟ್ಟುಕೊಳ್ಳಲು ಅವಕಾಶವಿಲ್ಲದ ಕಾರಣ ಭಾರತದಲ್ಲಿ 315 ಬೋರಿನ ರೈಫಲು ಪ್ರಚಾರಕ್ಕೆ ಬಂದಿತು. ಇದರ ತೋಟಾದ ಮೂಲ ಆಸ್ಟ್ರಿಯಾದ 8 × 50 ಮಾನ್ಲಿಖರ್. ಹೊರರೂಪದಲ್ಲಿ ಲೀ-ಎನ್‌ಫೀಲ್ಡನ್ನು ಹೋಲುವ ರೈಫಲಿನೊಳಗೆ ಆಸ್ಟ್ರಿಯಾದ ಸೇನಾ ತೋಟಾದ ಚೇಂಬರು ಅಡಗಿರುವುದು ಕಾನೂನು ಆಯುಧದ ವಿನ್ಯಾಸವನ್ನು ರೂಪಿಸಿದ ಕುತೂಹಲಕರ ದೃಷ್ಟಾಂತ.

ಕೊಡಗು, ಮಲೆನಾಡುಗಳ ಮನೆಗಳಲ್ಲಿರುವ ಹಳೆಯ ಜೋಡುನಳಿಗೆಯ ತೋಟಾ ಕೋವಿಗಳು ರೈಫಲುಗಳಲ್ಲದಿದ್ದರೂ ಇಲ್ಲಿ ಪ್ರಸ್ತಾಪಕ್ಕೆ ಅರ್ಹ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅನೇಕವುಗಳ 12 ಬೋರಿನ ಚೇಂಬರು ಎರಡೂವರೆ ಅಂಗುಲ, ಅಂದರೆ ಸುಮಾರು 65 ಮಿಲಿಮೀಟರ್ ಉದ್ದದ್ದು. ಇಂದಿನ ತೋಟಾಗಳಲ್ಲಿ 70 ಮಿಲಿಮೀಟರಿನವು ಸಾಮಾನ್ಯ. ಈ ಅಳತೆ ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ್ದು. ಹಾರಿಸುವ ಮುನ್ನ ಅದರ ಬಾಯಿ ಮಡಿಸಿಕೊಂಡಿರುವುದರಿಂದ ಉದ್ದ ತೋಟಾ ಗಿಡ್ಡ ಚೇಂಬರಿನಲ್ಲಿ ಯಾವ ಅಡ್ಡಿಯೂ ಇಲ್ಲದೆ ಕೂರುತ್ತದೆ, ಕೋವಿಯೂ ಮುಚ್ಚಿಕೊಳ್ಳುತ್ತದೆ. ಈಡಿನ ಕ್ಷಣದಲ್ಲಿ ಮಡಿಕೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಚರೆಯ ದಾರಿ ಕಿರಿದಾಗಿ ಒತ್ತಡ ಏರುತ್ತದೆ. ನಳಿಗೆ ಕರಿಮದ್ದಿನ ಕಾಲದ್ದಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಸುಲಭವಾಗಿ ಕೂತಿತು ಎಂಬುದು ಹೊಂದುತ್ತದೆ ಎಂಬುದಕ್ಕೆ ಪ್ರಮಾಣವಲ್ಲ ಎನ್ನುವುದಕ್ಕೆ ಇಷ್ಟು ಸಮೀಪದ ನಿದರ್ಶನ ಬೇರೆ ಬೇಕಿಲ್ಲ.

ಭಾರತೀಯ ಸೇನೆಯ ಉಗ್ರಾಣಗಳಲ್ಲಿ ‘7.62’ ಎಂಬ ಒಂದೇ ಅಂಕಿಯ ಕೆಳಗೆ ಮೂರು ಬೇರೆ ಬೇರೆ ತೋಟಾಗಳಿವೆ. 2019ರಲ್ಲಿ ಕೊಳ್ಳಲು ಒಪ್ಪಂದವಾದ ಸಿಗ್-716 ರೈಫಲಿನದು 7.62 × 51. ಉತ್ತರ ಪ್ರದೇಶದ ಕೊರ್ವಾದಲ್ಲಿ ತಯಾರಾಗುವ ಎಕೆ-203ರದು 7.62 × 39. ರಷ್ಯಾ ಮೂಲದ ಡ್ರಾಗುನೋವ್ ರೈಫಲಿನದು 54 ಮಿಲಿಮೀಟರಿನ, ಅಂಚುಳ್ಳ ತೋಟಾ. ಮೊದಲನೆಯದರ ಗುಂಡು ಸುಮಾರು 0.308 ಅಂಗುಲ, ಉಳಿದೆರಡರದು 0.311ರ ಆಸುಪಾಸು. ಸೇನಾ ದಾಖಲೆಗಳಲ್ಲಿ, ಸಂಗ್ರಹಾಲಯಗಳ ಪಟ್ಟಿಗಳಲ್ಲಿ, ಪೊಲೀಸ್ ವಶಪಡಿಕೆಯ ಪಂಚನಾಮೆಗಳಲ್ಲಿ ‘7.62ರ ರೈಫಲು’ ಎಂದಷ್ಟೇ ಬರೆದಿದ್ದರೆ ಸಂಶೋಧಕನಿಗೆ ಅದು ಯಾವ ದೇಶದ, ಯಾವ ಕಾಲದ, ಯಾವ ಉಗ್ರಾಣದಿಂದ ಬಂದ ಆಯುಧವೆಂಬುದು ತಿಳಿಯುವುದಿಲ್ಲ. ಕೋಶದ ಉದ್ದವನ್ನೂ ತಳದ ಅಂಚಿನ ಬಗೆಯನ್ನೂ ನಳಿಗೆಯ ಹಿಂತುದಿಯಲ್ಲಿ ಒತ್ತಿರುವ ಗುರುತುಗಳನ್ನೂ ಜೊತೆಗೆ ದಾಖಲಿಸಿದ್ದರೆ ಮೂರನ್ನೂ ಬೇರ್ಪಡಿಸಿ ಗುರುತಿಸುವುದು ಸಾಧ್ಯ.